‘ಹಳ್ಳಿ’ ಎಂದರೆ ಯಾವುದು? ಅಮೆರಿಕದ 1,500ರ ಗೆರೆಯಿಂದ ನಮ್ಮ ಕೇರಿಯ ಕಂಬದವರೆಗೆ



ಇವತ್ತಿನದು ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ. ವಿಷಯ ಕರೆಂಟು. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಕರೆಂಟು ಯಾವ ಜನರಿಗೆ ಸಿಗಬೇಕು ಅಂತ ಕಾಯಿದೆ ಹೇಗೆ ತೀರ್ಮಾನ ಮಾಡುತ್ತೆ ಅನ್ನೋದು.

ನಾನು ಗುಮಾಸ್ತ. ಇಷ್ಟು ವರ್ಷ ಫೈಲು ಹೊತ್ತು ಕಲಿತ ದೊಡ್ಡ ವಿದ್ಯೆ ಅಂದ್ರೆ ಒಂದೇ. ಯಾವ ಕಾಯಿದೆ ಕೈಗೆ ಬಂದರೂ ಮೊದಲು ವ್ಯಾಖ್ಯೆಗಳ ಕಲಮನ್ನು ಓದಬೇಕು. ಪೀಠಿಕೆಯಲ್ಲಿ ಎಲ್ಲರ ಕಲ್ಯಾಣವೂ ಇರುತ್ತೆ. ಯಾರು ಒಳಗೆ, ಯಾರು ಹೊರಗೆ ಅನ್ನೋದು ಮಾತ್ರ ‘ಎಂದರೆ’ ಅನ್ನೋ ಪದದ ಮುಂದೆ ಇರುತ್ತೆ. ‘ಕುಟುಂಬ’ ಎಂದರೆ, ‘ಫಲಾನುಭವಿ’ ಎಂದರೆ, ‘ಗ್ರಾಮ’ ಎಂದರೆ. ನಮ್ಮ ಜನ ಕಚೇರಿ ಬಾಗಿಲಲ್ಲಿ ನಿಂತು ವಾಪಸ್ ಹೋಗೋದು ಬಹಳ ಸಲ ಆ ಒಂದು ಪದದಿಂದಲೇ.

ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಕತೆಯೂ ಹೀಗೇ. ಇದು ಶುರುವಾಗಿದ್ದು ಅಮೆರಿಕದಲ್ಲಿ. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಗೂ ಬಂತು. ಆ ದಾರಿಯನ್ನು ಒಂದ್ಸಲ ನಡೆದು ನೋಡೋಣ.

1930ರ ದಶಕದ ಅಮೆರಿಕ. ಪಟ್ಟಣದ ಹತ್ತು ಮನೆಗಳಲ್ಲಿ ಹೆಚ್ಚುಕಮ್ಮಿ ಒಂಬತ್ತಕ್ಕೆ ಕರೆಂಟಿತ್ತು. ಹಳ್ಳಿಗಾಡಿನ ಹತ್ತು ರೈತರ ಮನೆಯಲ್ಲಿ ಒಂದಕ್ಕೆ ಮಾತ್ರ ಇತ್ತು. ಖಾಸಗಿ ಕಂಪನಿಗಳನ್ನು ಕೇಳಿದರೆ ಒಂದೇ ಉತ್ತರ: ಮನೆಗಳು ದೂರ ದೂರ ಇವೆ, ಅಷ್ಟು ಕಂಬ ನೆಟ್ಟರೆ ಅಸಲೂ ಹುಟ್ಟಲ್ಲ. ಸಂಜೆಯಾದರೆ ಸೀಮೆಎಣ್ಣೆ ದೀಪ. ಬಾವಿಯಿಂದ ನೀರು ಹೊರೋದು, ಬಟ್ಟೆ ಒಗೆಯೋದು, ಕಟ್ಟಿಗೆ ಒಲೆ ಊದೋದು ಎಲ್ಲಾ ಹೆಂಗಸರ ಮೈಮೇಲೆ. ಅಮೆರಿಕ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋ ಅಮೆರಿಕ ಅದಲ್ಲ.

1935ರ ಮೇ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶ ಹೊರಡಿಸಿ ಗ್ರಾಮೀಣ ವಿದ್ಯುದೀಕರಣ ಆಡಳಿತ ಅನ್ನೋ ಸಂಸ್ಥೆ ಹುಟ್ಟುಹಾಕಿದರು. ಮರುವರ್ಷ, 1936ರ ಮೇ ತಿಂಗಳಲ್ಲಿ, ಅದಕ್ಕೆ ಕಾಯಿದೆಯ ಬಲ ಸಿಕ್ತು. ಸೆನೆಟರ್ ಜಾರ್ಜ್ ನಾರಿಸ್ ಮತ್ತು ಕೆಳಮನೆಯ ಸ್ಯಾಮ್ ರೇಬರ್ನ್ ಈ ಮಸೂದೆ ತಂದವರು. ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಡುತ್ತೆ. ಕಂಪನಿಗಳು ಮುಂದೆ ಬರಲಿಲ್ಲ. ರೈತರೇ ಸೇರಿ ಸಹಕಾರ ಸಂಘ ಕಟ್ಟಿಕೊಂಡರು. ಸಾಮಾನ್ಯವಾಗಿ ಐದು ಡಾಲರ್ ಕಟ್ಟಿದರೆ ಸದಸ್ಯ. ಒಬ್ಬರಿಗೆ ಒಂದು ಓಟು. ಲೈನು ಸಂಘದ್ದು, ಕಂಬ ಸಂಘದ್ದು, ಲಾಭ ಹೊಡೆಯೋ ಧಣಿ ಯಾರೂ ಇಲ್ಲ. 1953ರ ಹೊತ್ತಿಗೆ ಆ ದೇಶದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೈತರ ಮನೆಗಳಿಗೆ ಕರೆಂಟು ಬಂದಿತ್ತು. ಹದಿನೆಂಟು ವರ್ಷದಲ್ಲಿ ಇಷ್ಟು ಕೆಲಸ. ಇದನ್ನು ಯಾರೂ ಸಣ್ಣದು ಅನ್ನೋ ಹಾಗಿಲ್ಲ. ನಾನೂ ಅನ್ನಲ್ಲ.

ಈಗ ವ್ಯಾಖ್ಯೆಗೆ ಬನ್ನಿ. ‘ಗ್ರಾಮೀಣ ಪ್ರದೇಶ’ ಎಂದರೆ ಏನು? 1936ರ ಕಾಯಿದೆ ಹೇಳಿತು: 1,500ಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಯಾವುದೇ ನಗರ, ಗ್ರಾಮ ಅಥವಾ ಬರೋ ಅನ್ನೋ ಸಣ್ಣ ಪಟ್ಟಣದ ಗಡಿಯೊಳಗೆ ಸೇರದ ಜಾಗ. ಜೊತೆಗೆ ಇನ್ನೊಂದು ಷರತ್ತು. ಆಗಲೇ ಕಂಪನಿಯ ಕರೆಂಟು ಇರುವವರಿಗೆ ಈ ಸಾಲದ ಲೈನು ಎಳೆಯೋ ಹಾಗಿಲ್ಲ.

ಆದರೆ ಸಾಲ ಕೇಂದ್ರದ್ದು, ಸಂಘ ನೋಂದಣಿ ಆಗಬೇಕಾದ್ದು ರಾಜ್ಯದ ಕಾಯಿದೆಯಲ್ಲಿ. ಉತ್ತರ ಕೆರೊಲಿನಾ 1935ರಲ್ಲೇ ಒಂದು ಕಾಯಿದೆ ಮಾಡಿತ್ತು. ಬೇರೆ ಬಹಳ ರಾಜ್ಯಗಳಲ್ಲಿ ಅಂಥದ್ದೊಂದು ಇರಲೇ ಇಲ್ಲ. ಅದಕ್ಕೆ ಕೇಂದ್ರದ ವಕೀಲರು ಒಂದು ಮಾದರಿ ಕಾಯಿದೆ ಬರೆದು 1937ರಲ್ಲಿ ರಾಜ್ಯಗಳಿಗೆ ಕಳಿಸಿದರು. ಹಲವು ರಾಜ್ಯಗಳು ಅದನ್ನು ಸ್ವಲ್ಪ ಆಚೀಚೆ ಮಾಡಿ ಪಾಸು ಮಾಡಿದವು. ಸಂಘದ ಉದ್ದೇಶ ಗ್ರಾಮೀಣ ಪ್ರದೇಶಕ್ಕೆ ಕರೆಂಟು ಕೊಡೋದು. ಕೊಡಬೇಕಾದ್ದು ಸದಸ್ಯರಿಗೆ. ಸದಸ್ಯರಲ್ಲದವರು ಹತ್ತು ಪರ್ಸೆಂಟ್ ಮೀರಬಾರದು. ಹೀಗೆ ಯಾವ ಊರಿಗೆ ಸಂಘ ಹೋಗಬಹುದು, ಯಾವ ಊರಿನ ಗಡಿಯಲ್ಲಿ ನಿಲ್ಲಬೇಕು ಅನ್ನೋದು ರಾಜ್ಯದ ಪುಸ್ತಕದಲ್ಲಿ ಬರೆದುಹೋಯ್ತು.

ಈ ಗೆರೆ ಯಾಕೆ? ಮೇಲ್ನೋಟಕ್ಕೆ ಹಳ್ಳಿಯವರ ದುಡ್ಡು ಹಳ್ಳಿಗೇ ಹೋಗಲಿ ಅಂತ. ಅದರಲ್ಲಿ ನಿಜವೂ ಇದೆ. ಇನ್ನೊಂದು ನಿಜ ಕಂಪನಿಗಳದ್ದು. ಪಟ್ಟಣದಲ್ಲಿ ಮನೆ ಒತ್ತೊತ್ತಾಗಿದೆ, ಅಂಗಡಿ ಇದೆ, ಮಿಲ್ಲು ಇದೆ, ಕಡಿಮೆ ತಂತಿಯಲ್ಲಿ ಜಾಸ್ತಿ ಲಾಭ. ಅಲ್ಲಿಗೆ ಸರ್ಕಾರಿ ಸಾಲದ ಸಂಘ ಕಾಲಿಡಬಾರದು. ಕೆನೆ ಕಂಪನಿಗೆ, ನೀರುಮಜ್ಜಿಗೆ ಸಂಘಕ್ಕೆ. ಅದಕ್ಕೂ ಸಮಾಧಾನ ಆಗದ ಕಂಪನಿಗಳು ಇನ್ನೊಂದು ಕೆಲಸ ಮಾಡಿದವು. ಸಂಘ ಕಟ್ಟೋ ಮಾತು ಎದ್ದ ಕಡೆ ರಾತ್ರೋರಾತ್ರಿ ಕಂಬ ನೆಟ್ಟು, ಅನುಕೂಲಸ್ಥ ರೈತರ ಮನೆಗಷ್ಟೇ ಲೈನು ಎಳೆದವು. ಉಳಿದ ಬಡವರನ್ನಷ್ಟೇ ಸೇರಿಸಿ ಸಂಘ ಮಾಡಿದರೆ ಲೆಕ್ಕ ಕೂಡಲ್ಲ, ಸಂಘ ಹುಟ್ಟೋದೇ ಇಲ್ಲ. ಅಲ್ಲಿನವರು ಇದಕ್ಕೆ ‘ಸ್ಪೈಟ್ ಲೈನ್’ ಅಂತ ಹೆಸರಿಟ್ಟರು. ಹಗೆ ಲೈನು ಅನ್ನಿ.

ಆಮೇಲೆ ಊರುಗಳು ಬೆಳೆದವು. ನಿನ್ನೆ ಹೊಲ ಇದ್ದ ಜಾಗ ಇವತ್ತು ಬಡಾವಣೆ. ಪಟ್ಟಣ ತನ್ನ ಗಡಿ ವಿಸ್ತರಿಸಿ ಅದನ್ನು ಒಳಗೆ ಹಾಕಿಕೊಂಡಿತು. ಯಾರೂ ಬರದ ಕಾಲದಲ್ಲಿ ಕಂಬ ನೆಟ್ಟ ಸಂಘ ಈಗ ‘ಇದು ಗ್ರಾಮೀಣ ಅಲ್ಲ’ ಅನ್ನೋ ಕಾರಣಕ್ಕೆ ಎದ್ದು ಹೋಗಬೇಕಾ? ಕೋರ್ಟು, ಶಾಸನಸಭೆ, ಲಾಬಿ, ವರ್ಷಗಟ್ಟಲೆ ಜಗಳ. ಕೊನೆಗೆ ಒಂದೊಂದು ರಾಜ್ಯ ಒಂದೊಂದು ಹಂಚಿಕೆ ಕಾಯಿದೆ ಮಾಡಿತು. ಉತ್ತರ ಕೆರೊಲಿನಾ 1965ರಲ್ಲಿ ಮಾಡಿತು. ಜಾರ್ಜಿಯಾ 1973ರಲ್ಲಿ ಮಾಡಿತು. ನಕ್ಷೆ ಹರಡಿ, ಈ ಪ್ರದೇಶ ಸಂಘಕ್ಕೆ, ಈ ಪ್ರದೇಶ ಕಂಪನಿಗೆ, ಇದು ಪಟ್ಟಣಕ್ಕೆ ಅಂತ ಪಾಲು ಹಾಕಿದರು. ಜಾರ್ಜಿಯಾದ ಕಾಯಿದೆಯಲ್ಲಿ ಒಂದು ವಿಶೇಷ ಇದೆ. ಪಟ್ಟಣದ ಗಡಿಯಾಚೆ ಹೊಸದಾಗಿ ಬರೋ, 900 ಕಿಲೊವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡು ಬೇಕಾದ ಗ್ರಾಹಕ ತನಗೆ ಬೇಕಾದವರಿಂದ ಕರೆಂಟು ತಗೊಳ್ಳಬಹುದು. ಅಂದರೆ ಆಯ್ಕೆ ಸಿಕ್ಕಿದ್ದು ಕಾರ್ಖಾನೆಗೆ. ಮನೆಯವರಿಗೆ ನಕ್ಷೆಯಲ್ಲಿ ಯಾರ ಹೆಸರು ಬಿದ್ದಿದೆಯೋ ಅವರೇ ಗತಿ.

ಇಲ್ಲಿವರೆಗೆ ಹೇಳಿದ ಕತೆಯಲ್ಲಿ ಜನ ಅಂದರೆ ಬರೀ ‘ರೈತರು’, ‘ಪಟ್ಟಣದವರು’. ಸಹಕಾರ ಚಳವಳಿಯ ಪುಸ್ತಕಗಳಲ್ಲಿ ಹೀಗೇ ಬರೆದಿರೋದು. ಆದರೆ ಈ ಸಂಘಗಳು ದಂಡಿಯಾಗಿ ಹುಟ್ಟಿದ್ದು ಎಲ್ಲಿ? ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ. ಅಲಬಾಮಾ, ಮಿಸಿಸಿಪ್ಪಿ, ಜಾರ್ಜಿಯಾ, ಕೆರೊಲಿನಾಗಳು. ಗುಲಾಮಗಿರಿ ಕಾನೂನಿನಲ್ಲಿ ಹೋಗಿ ಎಪ್ಪತ್ತು ವರ್ಷ ಆಗಿದ್ದರೂ ಬದುಕಿನಲ್ಲಿ ಹೋಗದೇ ಇದ್ದ ನಾಡು. ಶಾಲೆ ಬೇರೆ, ನಲ್ಲಿ ಬೇರೆ, ಬಸ್ಸಿನ ಸೀಟು ಬೇರೆ. ಓಟಿಗೆ ಹೋದರೆ ತಲೆತೆರಿಗೆ ಕಟ್ಟು, ಪರೀಕ್ಷೆ ಬರಿ, ಹೆಚ್ಚು ಮಾತಾಡಿದರೆ ಮರಕ್ಕೆ ನೇಣು. ಅಲ್ಲಿನ ಕಪ್ಪು ಜನರಲ್ಲಿ ಬಹಳ ಮಂದಿ ಬಿಳಿಯರ ಜಮೀನಿನಲ್ಲಿ ಪಾಲಿಗೆ ದುಡಿಯೋರು. ಹೊಲ ಧಣಿಯದ್ದು, ಬೀಜ ಧಣಿಯದ್ದು, ಮಲಗೋ ಗುಡಿಸಲೂ ಧಣಿಯದ್ದೇ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಇವನೇ ಸಾಲಗಾರ. ನಮ್ಮ ಜೀತದ ಅಣ್ಣತಮ್ಮ ಅದು.

ಈಗ ಯೋಚನೆ ಮಾಡಿ. ಕಾಯಿದೆಯಲ್ಲಿ ‘ಕಪ್ಪು ಜನರಿಗೆ ಕರೆಂಟು ಕೊಡಬೇಡಿ’ ಅಂತ ಎಲ್ಲೂ ಇಲ್ಲ. ಇರೋ ಅಗತ್ಯವೇ ಇಲ್ಲ. ಲೈನು ರಸ್ತೆಗುಂಟ ಬಂತು, ಧಣಿಯ ಮನೆಗೆ ಹೋಯ್ತು. ಹಿಂದಿನ ಗುಡಿಸಲಿಗೆ ವೈರಿಂಗ್ ಮಾಡಿಸಬೇಕಂದರೆ ಗೋಡೆ ಯಾರದ್ದು? ಧಣಿಯದ್ದು. ಅವನು ಬೇಡ ಅಂದರೆ ಮುಗೀತು. 1936ರ ಕಾಯಿದೆಯಲ್ಲಿ ಮನೆ ವೈರಿಂಗ್‌ಗೂ ಸಾಮಾನು ಕೊಳ್ಳೋಕೂ ಸಾಲದ ಕಲಂ ಇತ್ತು. ಆದರೆ ತನ್ನದಲ್ಲದ ಗೋಡೆಗೆ ಯಾರು ಸಾಲ ಮಾಡ್ತಾರೆ? ಸ್ವಂತ ಜಮೀನಿದ್ದ ಕಪ್ಪು ರೈತರಿಗೆ ಸಂಘದ ಕರೆಂಟು ಬಂದಿದ್ದೂ ಉಂಟು, ಅದನ್ನು ಮುಚ್ಚಿಡಬಾರದು. ಸಹಕಾರದಿಂದ ಬೆಳಕು ಬಂತು. ಅದು ಭೂಮಿಯ ಹಿಂದೆ ಹಿಂದೆ ಬಂತು.

ಅದೇ ಕಾಲದ ಇನ್ನೊಂದು ಉದಾಹರಣೆ ಕೇಳಿ. 1933ರಲ್ಲಿ ಟೆನೆಸಿ ಕಣಿವೆ ಪ್ರಾಧಿಕಾರ ಅಂತ ದೊಡ್ಡ ಸರ್ಕಾರಿ ಸಂಸ್ಥೆ ಶುರುವಾಯ್ತು. ಅಣೆಕಟ್ಟು, ಜಲವಿದ್ಯುತ್ತು, ಬಡ ಕಣಿವೆಯ ಉದ್ಧಾರ. ನೆಹರೂ ಕಾಲದಲ್ಲಿ ನಮ್ಮ ದಾಮೋದರ ಕಣಿವೆ ಯೋಜನೆಗೆ ಮಾದರಿಯಾಗಿದ್ದು ಇದೇ. ಆ ಪ್ರಾಧಿಕಾರ ಅಣೆಕಟ್ಟಿನ ಪಕ್ಕ ಒಂದು ಮಾದರಿ ಊರು ಕಟ್ಟಿಸಿತು. ಅಚ್ಚುಕಟ್ಟಾದ ಮನೆಗಳು, ಮನೆಮನೆಗೂ ಕರೆಂಟು. ಊರಿನ ಹೆಸರು ನಾರಿಸ್, ಗ್ರಾಮೀಣ ವಿದ್ಯುತ್ ಕಾಯಿದೆ ತಂದ ಅದೇ ಸೆನೆಟರ್ ನೆನಪಿಗೆ. ಆ ಊರಿನಲ್ಲಿ ಕಪ್ಪು ಕುಟುಂಬಗಳಿಗೆ ಮನೆ ಕೊಡಲಿಲ್ಲ. ಅಣೆಕಟ್ಟಿಗೆ ಕಲ್ಲು ಹೊತ್ತವರಲ್ಲಿ ಅವರೂ ಇದ್ದರು. ಎನ್‌ಎಎಸಿಪಿ ಅನ್ನೋ ಕಪ್ಪು ಜನರ ಹಕ್ಕಿನ ಸಂಘಟನೆಯ ವಕೀಲ ಚಾರ್ಲ್ಸ್ ಹ್ಯೂಸ್ಟನ್ ಮತ್ತು ಜಾನ್ ಡೇವಿಸ್ ಅಲ್ಲಿಗೆ ಹೋಗಿ ನೋಡಿ, 1934ರಲ್ಲೇ ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು. ದೀಪದ ಊರಲ್ಲೇ ಕತ್ತಲ ಕೇರಿ ಕಟ್ಟಿದ್ದು ಹೊಸ ಕಾಲದ ಸರ್ಕಾರ.

ಗಡಿ ಗೆರೆ ಎಳೆಯೋರು ಯಾರು ಅನ್ನೋ ಪ್ರಶ್ನೆ ಬಂತಲ್ಲ, ಅದಕ್ಕೆ ಅಲಬಾಮಾದ ಟಸ್ಕೀಗಿ ಪಟ್ಟಣ ನೋಡಿ. ಬೂಕರ್ ಟಿ. ವಾಷಿಂಗ್ಟನ್ 1881ರಲ್ಲಿ ಕಪ್ಪು ಮಕ್ಕಳಿಗೆ ವಿದ್ಯಾಸಂಸ್ಥೆ ಕಟ್ಟಿದ ಊರು. ಓದಿದ ಕಪ್ಪು ಜನ ಹೆಚ್ಚಾದರು, ಓಟಿನ ಪಟ್ಟಿಗೆ ಒಬ್ಬೊಬ್ಬರೇ ಸೇರತೊಡಗಿದರು. 1957ರಲ್ಲಿ ರಾಜ್ಯದ ಶಾಸನಸಭೆ ಒಂದು ಕಾಯಿದೆ ಮಾಡಿ ಪಟ್ಟಣದ ಗಡಿಯನ್ನೇ ಬದಲಾಯಿಸಿತು. ಚೌಕಾಕಾರ ಇದ್ದ ಊರು 28 ಮೂಲೆಗಳ ವಿಚಿತ್ರ ಆಕಾರ ಆಯ್ತು. ಪಟ್ಟಣದೊಳಗಿದ್ದ ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಜನ ಬಿಟ್ಟು ಎಲ್ಲರೂ ಗಡಿಯಿಂದ ಹೊರಗೆ. ಬಿಳಿಯರಲ್ಲಿ ಒಬ್ಬ ಮತದಾರನೂ ಹೊರಗೆ ಹೋಗಲಿಲ್ಲ. ಮನೆ ಅಲ್ಲೇ, ಬೀದಿ ಅದೇ. ಬೆಳಗಾಗೋದರೊಳಗೆ ಅವರು ಪಟ್ಟಣದವರಲ್ಲ. ಪ್ರೊಫೆಸರ್ ಚಾರ್ಲ್ಸ್ ಗೊಮಿಲಿಯನ್ ಮತ್ತು ಸಂಗಡಿಗರು ಬಿಳಿಯರ ಅಂಗಡಿಗಳಲ್ಲಿ ವ್ಯಾಪಾರ ಬಂದ್ ಮಾಡಿಸಿದರು, ಕೋರ್ಟಿಗೆ ಹೋದರು. 1960ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ಗಡಿ ಸಂವಿಧಾನಕ್ಕೆ ವಿರುದ್ಧ ಅಂತ ಎಲ್ಲ ನ್ಯಾಯಮೂರ್ತಿಗಳ ಒಮ್ಮತದಿಂದ ಹೇಳಿತು.

ಟಸ್ಕೀಗಿಯದ್ದು ಓಟಿನ ಕೇಸು, ಕರೆಂಟಿನದ್ದಲ್ಲ. ಆದರೂ ಇಲ್ಲಿ ತಂದೆ. ಯಾಕಂದರೆ ದಕ್ಷಿಣದ ಎಷ್ಟೋ ಪಟ್ಟಣಗಳು ಗಡಿ ವಿಸ್ತರಿಸುವಾಗ ಬಿಳಿಯರ ಬಡಾವಣೆಗಳನ್ನು ಒಳಗೆ ತಗೊಂಡು, ಅಂಟಿಕೊಂಡೇ ಇದ್ದ ಕಪ್ಪು ಜನರ ಕೇರಿಯನ್ನು ಹೊರಗೇ ಬಿಟ್ಟವು. ಪಟ್ಟಣದ ನೀರು, ಒಳಚರಂಡಿ, ಬೀದಿದೀಪ ಗಡಿವರೆಗೆ ಬಂದು ನಿಲ್ತಿತ್ತು. ಯಾರು ‘ಪಟ್ಟಣ’, ಯಾರು ‘ಗ್ರಾಮೀಣ’ ಅನ್ನೋದು ಜನಗಣತಿಯ ಲೆಕ್ಕ ಅಂದುಕೊಂಡಿದ್ದೆವು. ಅದು ಗೆರೆ ಎಳೆಯೋ ಪೆನ್ಸಿಲ್ ಯಾರ ಕೈಲಿದೆ ಅನ್ನೋ ಲೆಕ್ಕ.

ಇನ್ನು ಸಂಘದೊಳಗಿನ ಮಾತು. ರಾಜ್ಯದ ಕಾಯಿದೆ ಪ್ರಕಾರ ಪ್ರತಿ ಸದಸ್ಯನಿಗೂ ಒಂದು ಓಟು. ಅಂದರೆ ಕಾಗದದ ಮೇಲೆ, ಊರಿನ ಶೆರಿಫ್ ಚುನಾವಣೆಯಲ್ಲಿ ಓಟಿಲ್ಲದ ಕಪ್ಪು ರೈತನಿಗೆ ಕರೆಂಟಿನ ಸಂಘದಲ್ಲಿ ಓಟಿತ್ತು! ಕಾಗದ ಅಷ್ಟು ಚೆಂದ. ಆದರೆ ವಾರ್ಷಿಕ ಸಭೆ ಯಾವಾಗ, ನಾಮಪತ್ರ ಯಾರು ಹಾಕಬೇಕು, ಪ್ರಾಕ್ಸಿ ಕಾಗದ ಯಾರ ಕೈಯಲ್ಲಿ ಅನ್ನೋದೆಲ್ಲ ಆಡಳಿತ ಮಂಡಳಿ ಕೈಲಿ. 1964ರ ನಾಗರಿಕ ಹಕ್ಕು ಕಾಯಿದೆ ಬಂದಮೇಲೆ, ಕೇಂದ್ರದ ಹಣ ಪಡೆಯೋ ಯಾವ ಸಂಸ್ಥೆಯೂ ಬಣ್ಣದ ಆಧಾರದಲ್ಲಿ ತಾರತಮ್ಯ ಮಾಡಬಾರದು ಅಂತಾಯ್ತು. ಸಾಲ ಪಡೆದ ವಿದ್ಯುತ್ ಸಂಘಗಳಿಗೂ ಅದು ಅನ್ವಯ. ಇಷ್ಟಾದರೂ, ದಕ್ಷಿಣದ ಸಂಘಗಳ ಆಡಳಿತ ಮಂಡಳಿಗಳಲ್ಲಿ ಕಪ್ಪು ಸದಸ್ಯರ ಸಂಖ್ಯೆ ಅವರ ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಮ್ಮಿ ಅನ್ನೋ ದೂರು ಈಗಲೂ ಇದೆ.

ಇದೇ ಮಾದರಿ ನಮ್ಮಲ್ಲಿಗೆ ಹೇಗೆ ಬಂತು ಅಂತ ಹೇಳೋ ಮೊದಲು, ಬಾಬಾಸಾಹೇಬರ ಒಂದು ಕೆಲಸ ನೆನೆಯಬೇಕು. ಕರೆಂಟಿನ ಇತಿಹಾಸದಲ್ಲಿ ಅವರ ಹೆಸರನ್ನು ಹೇಳೋರೇ ಕಮ್ಮಿ. 1942ರಿಂದ 1946ರವರೆಗೆ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು. ವಿದ್ಯುತ್ತೂ ಅವರ ಖಾತೆಯಲ್ಲೇ ಇತ್ತು. 1943ರ ಅಕ್ಟೋಬರ್ 25ರಂದು ಯುದ್ಧಾನಂತರದ ವಿದ್ಯುತ್ ಅಭಿವೃದ್ಧಿ ಬಗ್ಗೆ ನೀತಿ ಸಮಿತಿಯ ಮುಂದೆ ಮಾತಾಡಿದರು. ಅವರ ವಾದದ ಸಾರ ಇಷ್ಟು. ಭೂಮಿಯನ್ನೇ ನಂಬಿಕೊಂಡ ಜನಸಂಖ್ಯೆ ಬಡತನದಿಂದ ಹೊರಗೆ ಬರಬೇಕಾದರೆ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ, ಸಾಕಷ್ಟು ವಿದ್ಯುತ್ತು ಬೇಕು. 1944ರಲ್ಲಿ ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ ಆಗಿದ್ದು ಅವರ ಅವಧಿಯಲ್ಲೇ. ಭೂಮಿ ಇಲ್ಲದವನು ಭೂಮಿಯ ಹಂಗು ಬಿಡಿಸಿಕೊಳ್ಳೋ ದಾರಿಯಾಗಿ ಅವರು ಕರೆಂಟನ್ನು ನೋಡಿದರು. ಐದು ವರ್ಷದ ಮೇಲೆ, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನೇ ಘಟಕ ಮಾಡಿ ಅಂದವರ ವಾದವನ್ನು ತಳ್ಳಿಹಾಕಿದ್ದೂ ಇವರೇ. ಸಂವಿಧಾನದ ಕರಡಿನ ಘಟಕ ಹಳ್ಳಿ ಅಲ್ಲ, ವ್ಯಕ್ತಿ ಅಂದರು. ಈ ಮಾತು ಸ್ವಲ್ಪ ತಲೆಯಲ್ಲಿ ಇಟ್ಕೊಳ್ಳಿ.

ಸ್ವಾತಂತ್ರ್ಯದ ನಂತರ ನಮ್ಮ ವಿದ್ಯುತ್ ನೀತಿ ಮಾಡಿದವರು ಘಟಕ ಮಾಡಿಕೊಂಡಿದ್ದು ಯಾವುದನ್ನು? ಹಳ್ಳಿಯನ್ನ. ಎಷ್ಟು ಮನೆಗೆ ಕರೆಂಟು ಬಂತು ಅಂತ ಎಣಿಸಲಿಲ್ಲ, ಎಷ್ಟು ‘ಗ್ರಾಮ’ ವಿದ್ಯುದೀಕರಣ ಆಯ್ತು ಅಂತ ಎಣಿಸಿದರು. ಹಾಗಾದರೆ ವಿದ್ಯುದೀಕರಣಗೊಂಡ ಗ್ರಾಮ ಎಂದರೆ ಏನು? ಕಂದಾಯ ಗ್ರಾಮದ ಗಡಿಯೊಳಗೆ ಯಾವುದೇ ಉದ್ದೇಶಕ್ಕೆ ಕರೆಂಟು ಬಳಕೆಯಾದರೆ ಸಾಕು, ಆ ಗ್ರಾಮ ವಿದ್ಯುದೀಕರಣ ಆದ ಹಾಗೆ. ಯಾವುದೇ ಉದ್ದೇಶ! ಗೌಡರ ಹೊಲದ ಬಾವಿಗೆ ಒಂದು ಪಂಪ್‌ಸೆಟ್ ಕೂರಿಸಿದರೆ ಲೆಕ್ಕಕ್ಕೆ ಊರೇ ಬೆಳಗಿತು. 1966ರ ಬರಗಾಲದ ನಂತರ ಆಹಾರ ಬೆಳೆಯಬೇಕು ಅಂತ ಒತ್ತು ಬಿದ್ದಿದ್ದೂ ಪಂಪ್‌ಸೆಟ್ಟಿನ ಮೇಲೆಯೇ. ದೇಶಕ್ಕೆ ಅನ್ನ ಬೇಕಿತ್ತು, ಒಪ್ಪೋಣ. ಆದರೆ ಪಂಪ್‌ಸೆಟ್ಟಿಗೆ ಬಾವಿ ಬೇಕು, ಬಾವಿಗೆ ಜಮೀನು ಬೇಕು. ಜಮೀನೇ ಇಲ್ಲದ ಹೊಲಗೇರಿಗೆ, ಮಾದಿಗರ ಹಟ್ಟಿಗೆ ಯಾವ ಲೈನು ಬರುತ್ತೆ? ಅಲಬಾಮಾದಲ್ಲಿ ನೋಡಿದ್ದೇ ಇಲ್ಲೂ. ತಂತಿ ಭೂಮಿಯ ಹಿಂದೆ ಹೋಯ್ತು.

ಇದೇ ಹೊತ್ತಿಗೆ ಅಮೆರಿಕದ ಮಾದರಿ ಬಂತು. ಅಲ್ಲಿನ ಗ್ರಾಮೀಣ ವಿದ್ಯುತ್ ಸಂಘಗಳ ರಾಷ್ಟ್ರೀಯ ಒಕ್ಕೂಟದ ತಜ್ಞರು, ಅಮೆರಿಕ ಸರ್ಕಾರದ ನೆರವಿನ ಜೊತೆ, 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದು ಯೋಜನೆ ಹಾಕಿದರು. 1969ರ ಜುಲೈನಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆ ಆಯ್ತು. ಪ್ರಯೋಗಕ್ಕೆ ಐದು ಸಹಕಾರ ಸಂಘಗಳು: ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಆಂಧ್ರದ ಸಿರ್ಸಿಲ್ಲ, ಉತ್ತರ ಪ್ರದೇಶದ ಲಖನೌ, ಮತ್ತು ಆಗಿನ ಮೈಸೂರು ರಾಜ್ಯದ ಹುಕ್ಕೇರಿ. ಹುಕ್ಕೇರಿಯ ಸಂಘ ಈಗಲೂ ಇದೆ. ಹೆಸ್ಕಾಂನಿಂದ ಕರೆಂಟು ಕೊಂಡು ತಾಲೂಕಿಗೆ ಹಂಚುತ್ತೆ. ನಮ್ಮ ರಾಜ್ಯದಲ್ಲಿ ಇಂಥದ್ದು ಇದೊಂದೇ. ಮುಳಾ-ಪ್ರವರಾದ್ದು 2011ರಲ್ಲಿ ಲೈಸೆನ್ಸ್ ಹೋಗಿ ರಾಜ್ಯದ ಕಂಪನಿ ಪಾಲಾಯ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಅಮೆರಿಕದ ಗೆರೆ ಜನಸಂಖ್ಯೆಯದ್ದು, 1,500. ನಮ್ಮಲ್ಲಿ ಗೆರೆ ತಾಲೂಕಿನದ್ದು. ಪಟ್ಟಣ ಯಾರದ್ದು, ಹಳ್ಳಿ ಯಾರದ್ದು ಅನ್ನೋ ಅವರ ಜಗಳ ನಮಗೆ ಬರಲಿಲ್ಲ. ಆದರೆ ಹಳ್ಳಿಯೊಳಗೇ ಇರೋ ಗೆರೆ? ಊರು ಮತ್ತು ಕೇರಿ ನಡುವಿನ ಗೆರೆ? ಅದನ್ನು ಯಾವ ಕಾಯಿದೆಯೂ ಎಳೆದಿಲ್ಲ, ಹಾಗಾಗಿ ಯಾವ ಕಾಯಿದೆಗೂ ಕಾಣಲಿಲ್ಲ.

ಇನ್ನೊಂದು ವ್ಯತ್ಯಾಸ ಸದಸ್ಯತ್ವದ್ದು. ಅಲ್ಲಿ ಕರೆಂಟು ತಗೊಳ್ಳೋನು ಸಾಮಾನ್ಯವಾಗಿ ಸದಸ್ಯನೇ ಆಗಿರಬೇಕು ಅಂತ ಕಾಯಿದೆ. ನಮ್ಮ ಸಹಕಾರ ಕಾನೂನಿನಲ್ಲಿ ಓಟು ಸದಸ್ಯನಿಗೆ. ಬಿಲ್ಲು ಕಟ್ಟೋ ಗ್ರಾಹಕ ಬೇರೆ, ಷೇರು ಇರೋ ಸದಸ್ಯ ಬೇರೆ ಆಗಬಹುದು. ಇದನ್ನು ಹುಕ್ಕೇರಿಯವರ ಮೇಲೆ ಬೊಟ್ಟು ಮಾಡಿ ಹೇಳ್ತಿಲ್ಲ. ಹಾಲಿನ ಡೈರಿ ಇರಲಿ, ಪತ್ತಿನ ಸಂಘ ಇರಲಿ, ಯಾವ ಸಂಘಕ್ಕೆ ಹೋದರೂ ನಮ್ಮವರು ಕೇಳಬೇಕಾದ ಪ್ರಶ್ನೆ ಇದು. ನಾವು ಇಲ್ಲಿ ಬರೀ ಗಿರಾಕಿಗಳಾ, ಸದಸ್ಯರಾ? 2011ರ 97ನೇ ತಿದ್ದುಪಡಿ ಸಹಕಾರ ಸಂಘದ ಮಂಡಳಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಒಂದು, ಮಹಿಳೆಯರಿಗೆ ಎರಡು ಸೀಟು ಅಂತ ಸಂವಿಧಾನದಲ್ಲೇ ಬರೆಯಿತು. ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ ಪಡೆದಿಲ್ಲ ಅಂತ ಸುಪ್ರೀಂ ಕೋರ್ಟು 2021ರಲ್ಲಿ ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಆ ಭಾಗವನ್ನು ಅನೂರ್ಜಿತ ಮಾಡಿತು. ಈಗ ನಮ್ಮ ಸೀಟು ರಾಜ್ಯದ ಸಹಕಾರ ಕಾಯಿದೆಯ ಮೇಲೆ ನಿಂತಿದೆ. ಮತ್ತೆ ರಾಜ್ಯದ ಪುಸ್ತಕಕ್ಕೇ ಬಂದೆವು.

ನಮ್ಮೂರಿನ ಮಾತು ಎರಡೇ ಸಾಲು. ನಮ್ಮೂರು ಕಾಗದದಲ್ಲಿ ವಿದ್ಯುದೀಕರಣ ಆಗಿದ್ದು ನಾನು ಹುಟ್ಟೋಕೆ ಮೊದಲೇ. ನಮ್ಮ ಕೇರಿಯಲ್ಲಿ ಬಲ್ಬು ಉರಿದಿದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಊರ ಕೊನೆಯ ಕಂಬದಿಂದ ನಮ್ಮ ಮೊದಲ ಮನೆಗೆ ಎಷ್ಟು ದೂರ ಅಂತೀರಿ? ಕರೆದರೆ ಕೇಳಿಸೋಷ್ಟು. ಇದನ್ನು ಓದ್ತಿರೋ ನಿಮ್ಮಲ್ಲಿ ಅರ್ಧಕ್ಕರ್ಧ ಜನರ ಕತೆ ಇದೇ ಅಂತ ನನಗೆ ಗೊತ್ತು.

1997ರಲ್ಲಿ ವ್ಯಾಖ್ಯೆ ಸ್ವಲ್ಪ ಬದಲಾಯ್ತು. ಗ್ರಾಮದ ಗಡಿಯೊಳಗಿನ ಜನವಸತಿ ಪ್ರದೇಶದಲ್ಲಿ ಕರೆಂಟು ಬಳಕೆಯಾಗಬೇಕು ಅಂದರು. ಬರೀ ಹೊಲದ ಪಂಪು ಸಾಲದು ಅಂತಾಯ್ತು. ಆದರೂ ಜನವಸತಿ ಅಂದರೆ ಊರೇ ತಾನೆ?

2004ರ ಫೆಬ್ರವರಿಯಲ್ಲಿ ಮತ್ತೆ ಬದಲಾಯಿಸಿದರು. ಈ ವ್ಯಾಖ್ಯೆಯನ್ನು ನಾನು ಪ್ರಿಂಟ್ ತೆಗೆದು ಟೇಬಲ್ ಗಾಜಿನ ಕೆಳಗೆ ಇಟ್ಟಿದ್ದೇನೆ. ಮೂರು ಷರತ್ತು. ಒಂದು, ಜನವಸತಿ ಪ್ರದೇಶದಲ್ಲಿ, ಜೊತೆಗೆ ದಲಿತ ಬಸ್ತಿ ಇದ್ದಲ್ಲಿ ಅಲ್ಲಿಯೂ, ಟ್ರಾನ್ಸ್‌ಫಾರ್ಮರು ಮತ್ತು ಲೈನು ಇರಬೇಕು. ಎರಡು, ಶಾಲೆ, ಪಂಚಾಯಿತಿ ಕಚೇರಿ, ಆರೋಗ್ಯ ಕೇಂದ್ರದಂಥ ಸಾರ್ವಜನಿಕ ಜಾಗಗಳಿಗೆ ಕರೆಂಟು ಇರಬೇಕು. ಮೂರು, ಒಟ್ಟು ಮನೆಗಳಲ್ಲಿ ಕನಿಷ್ಠ 10 ಪರ್ಸೆಂಟ್ ಮನೆಗಳಿಗೆ ಸಂಪರ್ಕ ಇರಬೇಕು.

‘ದಲಿತ ಬಸ್ತಿ’. ಈ ಎರಡು ಪದ ಸರ್ಕಾರದ ವ್ಯಾಖ್ಯೆಯೊಳಗೆ ಬರೋಕೆ ಸ್ವಾತಂತ್ರ್ಯ ಬಂದಮೇಲೆ 57 ವರ್ಷ ಬೇಕಾಯ್ತು. ಕೆಲವರು ಇದನ್ನು ಔದಾರ್ಯ ಅಂತಾರೆ. ನಾನು ತಪ್ಪೊಪ್ಪಿಗೆ ಪತ್ರ ಅಂತ ಓದ್ತೀನಿ. ‘ಗ್ರಾಮ’ ಅಂದರೆ ಕೇರಿಯೂ ಸೇರಿದೆ ಅಂತ ಬೇರೆಯಾಗಿ ಬರೆಯಬೇಕಾಗಿ ಬಂತು ಅಂದರೆ, ಅದುವರೆಗೆ ಗ್ರಾಮ ಅಂದಾಗ ನಾವು ಅದರಲ್ಲಿ ಇರಲಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ಹಾಗೆ. ಬಾಬಾಸಾಹೇಬರು 1948ರಲ್ಲಿ ಹಳ್ಳಿಯನ್ನು ಘಟಕ ಮಾಡಬೇಡಿ ಅಂದಿದ್ದು ಯಾಕೆ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸರ್ಕಾರಿ ದಾಖಲೆ ನನಗೆ ಸಿಕ್ಕಿಲ್ಲ.

ಹಾಗಂತ ಈ ವ್ಯಾಖ್ಯೆಯೂ ಪೂರ್ತಿ ಅಲ್ಲ. 200 ಮನೆಯ ಊರಿನಲ್ಲಿ 20 ಮನೆಗೆ ಕರೆಂಟು ಇದ್ದರೆ ಊರು ವಿದ್ಯುದೀಕರಣ. ಆ 20 ಮನೆ ಯಾವ ಬೀದಿಯವು ಅಂತ ಕಲಂ ಕೇಳಲ್ಲ. ಕೇರಿಯಲ್ಲಿ ಲೈನು, ಟ್ರಾನ್ಸ್‌ಫಾರ್ಮರು ಇರಬೇಕು ಅನ್ನುತ್ತೆ, ಕೇರಿಯ ಮನೆಗಳಿಗೆ ಸಂಪರ್ಕ ಇರಬೇಕು ಅನ್ನಲ್ಲ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಹಳ್ಳಿಗೆ ಕರೆಂಟು ಮುಟ್ಟಿತು, ದೇಶದ ಎಲ್ಲ ಹಳ್ಳಿಗಳೂ ಬೆಳಗಿದವು ಅಂತ ದೊಡ್ಡದಾಗಿ ಸಾರಿದರಲ್ಲ, ಅದು ಈ 10 ಪರ್ಸೆಂಟಿನ ಅಳತೆಗೋಲಿನಲ್ಲಿ ಅಳೆದ ಬೆಳಕು. ಮನೆಮನೆ ಲೆಕ್ಕ ಬೇರೆಯೇ ಇತ್ತು. ಅದಕ್ಕೇ ಅಲ್ಲವೇ 2017ರಲ್ಲಿ ಮನೆಗಳಿಗಾಗಿ ಸೌಭಾಗ್ಯ ಅಂತ ಬೇರೆ ಯೋಜನೆ ತರಬೇಕಾಗಿದ್ದು.

ಈಗ ಕೆಲವು ಗೆಳೆಯರು ಕೇಳಬಹುದು. ಗೃಹಜ್ಯೋತಿ ಬಂದಿದೆ, 200 ಯೂನಿಟ್‌ವರೆಗೆ ಬಿಲ್ಲಿಲ್ಲ, ಇನ್ನೂ ಈ ಹಳೇ ಕತೆ ಯಾಕೆ ಸಾರ್ ಅಂತ. ಕಾರಣ ಇದೆ. 2003ರ ವಿದ್ಯುತ್ ಕಾಯಿದೆಯ 5ನೇ ಕಲಂ ತೆಗೆದು ನೋಡಿ. ಗ್ರಾಮೀಣ ಪ್ರದೇಶದಲ್ಲಿ ಸ್ಥಳೀಯ ವಿತರಣೆಯನ್ನು ಪಂಚಾಯಿತಿ, ಬಳಕೆದಾರರ ಸಂಘ, ಸಹಕಾರ ಸಂಘಗಳ ಮೂಲಕ ನಡೆಸೋ ನೀತಿಗೆ ಅಲ್ಲಿ ಜಾಗ ಇದೆ. ನಾಳೆ ಸೋಲಾರ್ ಗ್ರಿಡ್ ಬರಬಹುದು, ಊರಿಗೊಂದು ವಿದ್ಯುತ್ ಸಂಘ ಬರಬಹುದು. ಅದರ ಬೈಲಾದಲ್ಲಿ ‘ಗ್ರಾಮ’ ಎಂದರೆ, ‘ಸದಸ್ಯ’ ಎಂದರೆ ಏನು ಅಂತ ಬರೆಯೋ ದಿನ ನಾವು ಅಲ್ಲಿ ಕೂತಿರಬೇಕು. ಬರೆದು ಮುಗಿದ ಮೇಲೆ ಧರಣಿ ಕೂತರೆ ಗೊಮಿಲಿಯನ್ ಥರ ಕೋರ್ಟಿಗೆ ಅಲೀಬೇಕಾಗುತ್ತೆ.

ಹಾಗಾಗಿ ಸಂಘಟನೆಯ ಗೆಳೆಯರಲ್ಲಿ ಒಂದು ವಿನಂತಿ. ಅಂಬೇಡ್ಕರ್ ಜಯಂತಿಯ ಲೈಟಿಂಗ್ಸ್‌ಗೆ ಲೈನ್‌ಮನ್ ಹತ್ತಿರ ಹೋಗೋ ಮೊದಲು, ಒಂದು ಆರ್‌ಟಿಐ ಅರ್ಜಿ ಬರೀರಿ. ಹತ್ತು ರೂಪಾಯಿ ಖರ್ಚು. ನಾಲ್ಕು ಪ್ರಶ್ನೆ ಸಾಕು.

ನಮ್ಮ ಕೇರಿಗೆ ಬರೋ ಲೈನು ಯಾವ ಟಿ.ಸಿ.ಯದ್ದು, ಆ ಟಿ.ಸಿ. ಎಲ್ಲಿದೆ, ಅದರ ಮೇಲೆ ಎಷ್ಟು ಲೋಡು ಇದೆ? ಊರಿನ ಟಿ.ಸಿ. ಸುಟ್ಟಾಗ ಎಷ್ಟು ದಿನಕ್ಕೆ ಬದಲಾಯಿಸಿದ್ದೀರಿ, ಕೇರಿಯದ್ದು ಸುಟ್ಟಾಗ ಎಷ್ಟು ದಿನ? ಕೇರಿಯ ಎಷ್ಟು ಮನೆಗೆ ಮೀಟರ್ ಇದೆ, ಎಷ್ಟು ಅರ್ಜಿ ಬಾಕಿ ಇದೆ? ಬೀದಿದೀಪ ಊರಲ್ಲಿ ಎಷ್ಟು, ಕೇರಿಯಲ್ಲಿ ಎಷ್ಟು?

ಹೊಸ ಸಂಪರ್ಕಕ್ಕೆ ಅರ್ಜಿ ಹಾಕಿ ಕೂತವರಿದ್ದರೆ ಅದೇ ಕಾಯಿದೆಯ 43ನೇ ಕಲಂ ತೋರಿಸಿ. ಮಾಲೀಕ ಅಥವಾ ವಾಸವಿರೋನು ಅರ್ಜಿ ಕೊಟ್ಟರೆ ಒಂದು ತಿಂಗಳೊಳಗೆ ಕರೆಂಟು ಕೊಡೋದು ವಿತರಣಾ ಕಂಪನಿಯ ಕರ್ತವ್ಯ. ಹೊಸದಾಗಿ ಲೈನು ಎಳೆಯಬೇಕಾದ ಕಡೆ ಮಾತ್ರ ಹೆಚ್ಚಿನ ಸಮಯಕ್ಕೆ ಅವಕಾಶ ಇದೆ. ‘ವಾಸವಿರೋನು’ ಅಂತ ಬರೆದಿದೆ, ನೆನಪಿಡಿ. ಅಲಬಾಮಾದ ಪಾಲುಗಾರನಿಗೆ ಸಿಗದೇ ಹೋದ ಪದ ಅದು. ಬಾಡಿಗೆಗೆ ಇರೋರು, ಒಡೆಯರ ತೋಟದ ಮನೆಯಲ್ಲಿ ಇರೋರೂ ಈ ಪದ ಹಿಡಿದು ಕೇಳಬಹುದು.

ಉತ್ತರ ಬಂದಮೇಲೆ ಕಮೆಂಟಿನಲ್ಲಿ ಹಾಕಿ. ಟೇಬಲ್ ಮಾಡಿ ಕೊಡೋ ಕೆಲಸ ನನ್ನದು, ಗುಮಾಸ್ತನಿಗೆ ಅದೊಂದು ಚೆನ್ನಾಗಿ ಬರುತ್ತೆ. ಹತ್ತು ತಾಲೂಕಿನ ಲೆಕ್ಕ ಒಟ್ಟಾದರೆ ವಿದ್ಯುತ್ ದರ ಪರಿಷ್ಕರಣೆಗೆ ಆಯೋಗ ನಡೆಸೋ ಸಾರ್ವಜನಿಕ ವಿಚಾರಣೆಗೇ ತಗೊಂಡು ಹೋಗೋಣ. ಅಲ್ಲಿ ಕೈಗಾರಿಕೆಯವರು ಬರ್ತಾರೆ, ಪಂಪ್‌ಸೆಟ್ ರೈತರು ಬರ್ತಾರೆ. ಕೇರಿಯ ಲೆಕ್ಕ ಹಿಡಿದು ನಾವೂ ಹೋಗೋಣ.

ಜೈಭೀಮ್.